ಸಾರಥಿ ಅಂದರೆ ನಾನೇ

ಮಾರ್ಚ್ 4, ಮಂಗಳವಾರ

ಅಪ್ಪ ಇವತ್ತು ಅಂಚೆ ಡಬ್ಬಿಗೆ ಕಾರು ಗುದ್ದಿದರು. ಡಬ್ಬಿ ಬಗ್ಗಿತು, ಕಾರಿನ ಎಡಗಡೆಯ ದೀಪ ಒಡೆಯಿತು, ಅಪ್ಪನಿಗೆ ಏನೂ ಆಗಲಿಲ್ಲ. ಬದುಕಿಡೀ ಊರಿನ ಬಸ್ಸು ಓಡಿಸಿ ಒಂದು ಬೆಕ್ಕಿಗೂ ತಾಗಿಸದ ಮನುಷ್ಯ. ಡಬ್ಬಿ ಮೊದಲು ಅಲ್ಲಿರಲಿಲ್ಲ, ಯಾರೋ ಈಚೆಗೆ ಸರಿಸಿದ್ದಾರೆ ಎನ್ನುವುದು ಅವರ ವಾದ. ನಾನು ಹುಟ್ಟುವ ಮೊದಲಿನಿಂದಲೂ ಅದು ಅಲ್ಲೇ ಇದೆ.

ಅಂಗಡಿಗೆ ಫೋನು ಬಂದಾಗ ನಾನು ಒಬ್ಬ ದಂತವೈದ್ಯರ ನೇಮ್‌ಪ್ಲೇಟಿನಲ್ಲಿ ಕೊನೆಯ ಅಕ್ಷರ ಕೊರೆಯುತ್ತಿದ್ದೆ. ಗಾಬರಿಗೆ ಕೈ ಜಾರಿ ಪಾಪ ದಂತವೈದ್ಯರಿಗೆ ಒಂದು ಕೊಂಬು ಹೆಚ್ಚಾಗಿ ಮೂಡಿತು. ಅದನ್ನು ಹಾಗೇ ಬಿಟ್ಟು ಓಡಿದೆ.

ಅಲ್ಲಿ ಒಬ್ಬ ಟ್ರಾಫಿಕ್ ಪೊಲೀಸ್ ನಿಂತು ಬರೆದುಕೊಳ್ಳುತ್ತಿದ್ದ. ನೀವು ಯಾರು ಅಂದ. ಮಗಳು ಅಂದೆ.

"ಹೆಸರು?"

"ಸಾರಥಿ."

"ಓಡಿಸಿದವರ ವಿಚಾರ ಆಮೇಲೆ. ನಿಮ್ಮ ಹೆಸರು ಹೇಳಿ."

"ಸಾರಥಿ ಅಂದರೆ ನಾನೇ."

"ಹಾಗಾದರೆ ಕಾರು ಓಡಿಸ್ತಾ ಇದ್ದದ್ದು ನೀವು?"

"ಅಲ್ಲ, ಓಡಿಸಿದ್ದು ಅಪ್ಪ. ನಾನು ಬರೀ ಸಾರಥಿ."

ಅವನು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಅಪ್ಪನ ಮುಖ ನೋಡಿದ, ಇದು ಮನೆತನದ ಕಾಯಿಲೆ ಎಂದುಕೊಂಡನೋ ಏನೋ, ಮೊದಲು ಕಣ್ಣು ತೋರಿಸಿ ಎಂದು ಹೇಳಿ ಬಿಟ್ಟುಬಿಟ್ಟ. ಐವತ್ತೊಂದು ವರ್ಷದಲ್ಲಿ ಈ ಹೆಸರಿನಿಂದ ನನಗೆ ಆದ ಮೊದಲ ಲಾಭ.

ಹೊಸ ವರ್ಷಕ್ಕೆ ಯಾರೋ ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ಇವತ್ತು ಯಾರ ಮೇಲಾದರೂ ಕೂಗಾಡಬೇಕಾಗಿತ್ತು. ಅಪ್ಪನ ಮೇಲೆ ಕೂಗಿದರೆ ಅವರು ಕಿವಿ ಕೇಳದವರ ಹಾಗೆ ನಟಿಸುತ್ತಾರೆ. ಡೈರಿ ಹಾಗೆ ಮಾಡುವುದಿಲ್ಲ.

ಮಾರ್ಚ್ 7, ಶುಕ್ರವಾರ

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ಒಂದು ಯಂತ್ರದೊಳಗೆ ಮುಖ ಇಟ್ಟು, ಅಕ್ಕಪಕ್ಕ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಅಪ್ಪ ಹಾರ್ನ್ ಹೊಡೆಯುವವರ ಹಾಗೆ ಒಂದೇ ಸಮ ಒತ್ತಿದರು. ಚುಕ್ಕೆಯೇ ಇಲ್ಲದಾಗಲೂ ಒತ್ತುತ್ತಿದ್ದಾರೆ ಎನ್ನುವುದು ಡಾಕ್ಟರಿಗೆ ಬೇಗ ಗೊತ್ತಾಯಿತು. ನನ್ನ ಮಗಳ ವಯಸ್ಸಿನ ಹುಡುಗಿ. ತಾಳ್ಮೆಯಿಂದ ಇನ್ನೊಮ್ಮೆ ಮಾಡಿಸಿದಳು. ಆಮೇಲೆ ಹೇಳಿದಳು: ಎದುರಿಗೆ ಇರುವುದು ಚೆನ್ನಾಗಿ ಕಾಣುತ್ತದೆ, ಪಕ್ಕದ್ದು ಹೋಗಿದೆ, ಎಡಗಡೆ ಬಹಳ ಹೋಗಿದೆ. ಹೋದದ್ದು ವಾಪಸು ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳಬೇಕು. ಇನ್ನು ಗಾಡಿ ಓಡಿಸಬಾರದು.

ತಾನು ಯಾವಾಗಲೂ ನೇರವಾಗಿಯೇ ಹೋಗುವವನು ಅಂದರು ಅಪ್ಪ.

ದೂರದ ಊರಿನಲ್ಲಿರುವ ತಮ್ಮನಿಗೆ ಫೋನು ಮಾಡಿದೆ. "ಕೀ ಕಿತ್ತುಕೋ ಅಕ್ಕಾ" ಅಂದ. ತಮ್ಮನ ಸಲಹೆಗಳು ಯಾವಾಗಲೂ ಹೀಗೆ, ಕೇಳಲು ಸುಲಭ, ಮಾಡುವವಳು ನಾನು. ಕೀ ಇರುವುದು ಅಪ್ಪನ ಅಂಗಿಯ ಮೇಲ್ಜೇಬಿನಲ್ಲಿ. ಆ ಜೇಬಿಗೆ ಗುಂಡಿ ಬೇರೆ ಇದೆ. ಮಲಗುವಾಗಲೂ ಅದೇ ಅಂಗಿ.

ಮಾರ್ಚ್ 9, ಭಾನುವಾರ

ಮಗಳು ಬಂದಿದ್ದಳು. ಎಂಟನೇ ತಿಂಗಳು. ಕುರ್ಚಿಯಲ್ಲಿ ಕೂತರೆ ಎಬ್ಬಿಸಲು ಒಬ್ಬರು ಬೇಕು. ಹಾಗೆ ಕೂತುಕೊಂಡೇ, ದೊಡ್ಡ ಉಡುಗೊರೆ ಕೊಡುವವಳ ಹಾಗೆ ನಗುತ್ತಾ, ಹೆಣ್ಣಾಗಲಿ ಗಂಡಾಗಲಿ ಮಗುವಿಗೆ ಸಾರಥಿ ಎಂದೇ ಹೆಸರಿಡುತ್ತೇವೆ ಅಂದಳು.

ಇಂಥ ಹೊತ್ತಿನಲ್ಲಿ ಕೈಯಲ್ಲಿರುವ ಚಹಾದ ಲೋಟ ಜಾರಿ ಬೀಳಬೇಕು. ನಾನು ಲೋಟವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವವರ ಪೈಕಿ. ಬೇಡ ಅಂದೆ, ಅಷ್ಟೆ. ಯಾಕೆ ಅಂತ ಕೇಳಿದಳು. ಆಗ ನಾನು ಈ ಹೆಸರಿನ ಇಡೀ ಚರಿತ್ರೆಯನ್ನು ಅವಳ ಮುಂದೆ ಬಿಚ್ಚಿದೆ. ಅವಳು ಏಳಲಾರದವಳಾದ್ದರಿಂದ ಕೇಳಿಸಿಕೊಂಡಳು.

ಹಳೇ ಕಾಲದಲ್ಲಿ ರಥ ಓಡಿಸುವವನಿಗೆ ಸಾರಥಿ ಅನ್ನುತ್ತಿದ್ದರು. ಕೂತವನಿಗೆ ಹೆಸರು, ಓಡಿಸಿದವನಿಗೆ ಧೂಳು. ರಥ ಹೋಯಿತು, ಕುದುರೆ ಹೋಯಿತು, ಹೆಸರೂ ಹೋಗಬೇಕಾಗಿತ್ತು. ಆದರೆ ನಮ್ಮ ಊರಿಗೆ ಹೊಸದಾಗಿ ಬಸ್ಸುಗಳು ಬಂದಾಗ ಡಿಪೋ ಮ್ಯಾನೇಜರರು ಭಾಷಣ ಮಾಡಿ, ನೀವೆಲ್ಲ ಈ ಕಾಲದ ಸಾರಥಿಗಳು ಎಂದು ಡ್ರೈವರುಗಳನ್ನು ಹೊಗಳಿದರಂತೆ. ಹೊಗಳಿಕೆ ಅಪರೂಪಕ್ಕೆ ಸಿಗುವ ಜನ, ಅದನ್ನು ಬಿಡಲಿಲ್ಲ. ಮೊದಲು ಹುಟ್ಟಿದ ಗಂಡುಮಗನಿಗೆಲ್ಲ ಅದೇ ಹೆಸರು. ಡಿಪೋ ವಸತಿಗೃಹದಲ್ಲಿ ನಾನು ಬೆಳೆಯುವಾಗ ಸಂಜೆ ಯಾವ ತಾಯಿಯಾದರೂ "ಸಾರಥೀ" ಅಂತ ಕೂಗಿದರೆ ಆಟದ ಬಯಲೇ ಖಾಲಿಯಾಗುತ್ತಿತ್ತು. ಓಡಿಬರುವ ಚಡ್ಡಿಗಳ ನಡುವೆ ಒಂದೇ ಒಂದು ಲಂಗ. ನನ್ನದು.

ಆ ಹುಡುಗರು ಆಮೇಲೆ ಓದಿ ಗುಮಾಸ್ತರಾದರು, ಮೇಷ್ಟ್ರಾದರು. ಶಾಲೆಯಲ್ಲಿ "ಏ ಡ್ರೈವರ್, ಹಾರ್ನ್ ಹೊಡಿ" ಎಂದು ರೇಗಿಸಿಕೊಂಡ ನೆನಪು ಯಾರಿಗೂ ಹೋಗಿರಲಿಲ್ಲ. ಹೆಸರನ್ನು ಕತ್ತರಿಸಿ ಒಂದಕ್ಷರ ಮಾಡಿಕೊಂಡರು, ತಮ್ಮ ಮಕ್ಕಳಿಗಂತೂ ಇಡಲಿಲ್ಲ. ನನಗೆ ಕತ್ತರಿಸಲೂ ಬರಲಿಲ್ಲ. ಶಾಲೆಯ ಹಾಜರಿಯಲ್ಲಿ ಗಂಡುಮಕ್ಕಳ ಸಾಲು, ಕಾಗದಗಳ ಮೇಲೆ ಶ್ರೀ, ಕಾಲೇಜಿನಲ್ಲಿ ಗಂಡುಮಕ್ಕಳ ಹಾಸ್ಟೆಲ್ಲಿನಲ್ಲಿ ಒಂದು ಕೋಣೆ. ಮದುವೆಯ ಆಹ್ವಾನ ಪತ್ರಿಕೆ ಓದಿದವರು ಇಬ್ಬರಲ್ಲಿ ಹುಡುಗಿ ಯಾರು ಎಂದು ಕೇಳಿದರು.

ಇದಕ್ಕೆಲ್ಲ ಕಾರಣ ಅಪ್ಪ. ಗಂಡು ಬರುತ್ತದೆಂದು ಅಂಗಿ ಹೊಲಿಸಿಟ್ಟಿದ್ದರು, ನಾನು ಬಂದೆ, ಅಂಗಿಯನ್ನೇ ತೊಡಿಸಿದರು. ತಮ್ಮ ಹುಟ್ಟಿದಾಗ ಅವನಿಗೆ ಮಾತ್ರ ತರಗತಿಯಲ್ಲಿ ನಾಲ್ಕು ಜನಕ್ಕಿರುವಂಥ ಹಿತವಾದ ಹೆಸರು ಸಿಕ್ಕಿತು.

ಎಲ್ಲ ಕೇಳಿದ ಮೇಲೆ ಮಗಳು ಸಮಾಧಾನವಾಗಿ ಹೇಳಿದಳು: "ನಿನ್ನ ಹೆಸರು ಅಂತ ಇಡ್ತಾ ಇಲ್ಲಮ್ಮಾ. ಈಗ ಎಲ್ಲರೂ ಇಡ್ತಿದ್ದಾರೆ. ಆ ಟ್ಯಾಕ್ಸಿ ಓಡಿಸೋ ಹುಡುಗಿ ಧಾರಾವಾಹಿ ಬಂತಲ್ಲ, ಅವಳ ಹೆಸರು."

ಬೇಡ ಅನ್ನಲು ನನಗೆ ಅಲ್ಲಿಯವರೆಗೆ ಒಂದು ಕಾರಣವಿತ್ತು. ಈಗ ಎರಡು.

ಮಾರ್ಚ್ 12, ಬುಧವಾರ

ಅಂಗಡಿಗೆ ಹೊರಟವಳು ಛತ್ರಿ ಮರೆತು ವಾಪಸು ಬಂದೆ. ಕಾರಿಲ್ಲ. ಅಪ್ಪನೂ ಇಲ್ಲ. ಗೇಟು ಹಿಡಿದುಕೊಂಡು ನಿಂತೆ. ಆ ಹೊತ್ತಿನಲ್ಲಿ ನಾನು ಏನೇನು ಕಲ್ಪಿಸಿಕೊಂಡೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲದರಲ್ಲೂ ಒಂದು ಶಾಲೆಯ ಮಗು ಇತ್ತು.

ಬಂದರು. ಕೈಯಲ್ಲಿ ಬ್ರೆಡ್ಡು. ಬೇಕರಿ ಇರುವುದು ಬೀದಿಯ ಕೊನೆಯಲ್ಲಿ. ಕೀ ಕೊಡಿ ಅಂದೆ. ನನ್ನ ಧ್ವನಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು.

ಅಪ್ಪ ಮೆಲ್ಲಗೆ ಹೇಳಿದರು: "ಕೊಡ್ತೀನಿ. ಓಡಿಸೋಕೆ ಬರೋರಿಗೆ ಕೊಡ್ತೀನಿ. ಗೋಡೆಗೆ ನೇತುಹಾಕೋರಿಗೆ ಕೊಡಲ್ಲ."

ನನಗೆ ಲೈಸೆನ್ಸ್ ಇದೆ. ಅದರಲ್ಲಿರುವ ಹುಡುಗಿಗೆ ಎರಡು ಜಡೆ. ಮದುವೆಯಾದ ಹೊಸತರಲ್ಲಿ ಸ್ವಲ್ಪ ದಿನ ಓಡಿಸಿದ್ದೆ. ನಮ್ಮವರು ಪಕ್ಕದಲ್ಲಿ ಕೂತು ಪ್ರತಿ ತಿರುವಿನಲ್ಲೂ ಹಲ್ಲಿನ ಸಂದಿಯಿಂದ "ಸ್ಸ್" ಎಂದು ಉಸಿರೆಳೆಯುತ್ತಿದ್ದರು. ಬೈಯುತ್ತಿರಲಿಲ್ಲ, ಬರೀ ಸ್ಸ್. ಒಂದು ದಿನ ಕೀ ಅವರ ಕೈಗೆ ಕೊಟ್ಟು ಈಚೆ ಬಂದು ಕೂತೆ. ಆಮೇಲೆ ಎಷ್ಟೋ ವರ್ಷಕ್ಕೆ ಮದುವೆಯಿಂದಲೂ ಈಚೆ ಬಂದು ಅಪ್ಪನ ಮನೆ ಸೇರಿಕೊಂಡೆ. ಕಾರು ಅವರಿಗೆ ಹೋಯಿತು, ಸ್ಸ್ ನನ್ನ ಕಿವಿಯಲ್ಲಿ ಉಳಿಯಿತು. ಹೆಸರು ಸಾರಥಿ, ಓಡಾಟ ಕಾಲ್ನಡಿಗೆ.

ಭಾನುವಾರದಿಂದ ಕಲಿಯುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಅಲ್ಲಿಯವರೆಗೆ ಕಾರು ಅಲುಗಿಸುವುದಿಲ್ಲ ಎಂದು ಅಪ್ಪನೂ ಒಪ್ಪಿದ್ದಾರೆ.

ಮಾರ್ಚ್ 16, ಭಾನುವಾರ

ಮುಚ್ಚಿದ ಹತ್ತಿ ಗಿರಣಿಯ ಹಿಂದೆ ದೊಡ್ಡ ಬಯಲಿದೆ. ಮೂಲೆಯಲ್ಲಿ ತುಕ್ಕು ಹಿಡಿದ ಡ್ರಮ್ಮುಗಳು, ಅಲ್ಲಲ್ಲಿ ನಾಯಿಗಳು. ಇವತ್ತು ನಾಯಿಗಳಿಗೆ ಒಳ್ಳೆಯ ಮನರಂಜನೆ. ಕಾರು ಕಪ್ಪೆಯ ಹಾಗೆ ಹಾರಿ ಹಾರಿ ನಿಂತಿತು. ಪ್ರತಿ ಸಲ ಆಫ್ ಆದಾಗಲೂ ನಾನು "ಇದು ಹಳೇ ಕಾರು" ಅಂದೆ. ಅಪ್ಪ ಕಾರಿನ ಪರವಾಗಿ ಏನೂ ಹೇಳಲಿಲ್ಲ, ನನ್ನ ಪರವಾಗಿಯೂ ಹೇಳಲಿಲ್ಲ. ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಕೊನೆಗೆ, ಕ್ಲಚ್ಚಿನ ಮೇಲಿಂದ ಕಾಲು ತೆಗೆಯುವಾಗ ಮಲಗಿದ ಮಗುವಿನ ತಲೆಯಡಿಯಿಂದ ತೋಳು ತೆಗೆಯುವ ಹಾಗೆ ತೆಗೆ ಅಂದರು. ಅದು ನನಗೆ ಗೊತ್ತಿರುವ ಕೆಲಸ. ಕಾರು ಹೊರಟಿತು.

ಮನೆಗೆ ಬಂದ ಮೇಲೆ ಯೋಚಿಸಿದೆ, ಪ್ರತಿ ತಿರುವಿನಲ್ಲೂ ಏನೋ ಒಂದು ಸದ್ದು ಕಡಿಮೆ ಇತ್ತು. ಎಂಜಿನ್ನಿನದೇ ಇರಬೇಕು. ಅರ್ಧ ಹೊತ್ತು ಅದು ಆಫ್ ಆಗಿಯೇ ಇತ್ತಲ್ಲ.

ಮಾರ್ಚ್ 20, ಗುರುವಾರ

ಅಂಗಡಿಯ ಬಾಗಿಲಲ್ಲಿ ಒಂದು ತಿರುಗುವ ಸ್ಟ್ಯಾಂಡಿದೆ. ಅದರ ತುಂಬ ಹೆಸರು ಬರೆದ ಕೀಚೈನುಗಳು. ಯಾವ ಹೆಸರು ಓಡುತ್ತಿದೆ, ಯಾವುದು ಕೂತಿದೆ ಎಂದು ಹೇಳಲು ನನಗೆ ಪಂಡಿತರು ಬೇಕಿಲ್ಲ, ಯಾವುದರ ಮೇಲೆ ಧೂಳಿದೆ ನೋಡಿದರೆ ಸಾಕು. ನನ್ನ ಹೆಸರಿನ ಮೇಲೆ ಧೂಳು ಕೂರಲೂ ಅವಕಾಶವಿರಲಿಲ್ಲ. ಅದನ್ನು ಯಾರೂ ಮಾಡುತ್ತಲೇ ಇರಲಿಲ್ಲ.

ಇವತ್ತು ಬಂದ ಹೊಸ ಡಬ್ಬದಲ್ಲಿ ಅದು ಬಂದಿದೆ. ಗುಲಾಬಿ ಬಣ್ಣ, ಪಕ್ಕದಲ್ಲೊಂದು ಸ್ಟೇರಿಂಗ್ ಚಿತ್ರ. ತೀರ ಕೆಳಗಿನ ಸಾಲಿಗೆ ನೇತುಹಾಕಿದೆ. ಮಧ್ಯಾಹ್ನ ಒಬ್ಬ ತಾಯಿ ಪುಟ್ಟ ಮಗಳನ್ನು ಕರೆದುಕೊಂಡು ಬಂದರು. ಆ ಮಗುವಿನ ಎತ್ತರಕ್ಕೆ ಕೆಳಗಿನ ಸಾಲೇ ಸರಿಯಾಗಿತ್ತು. ನೇರ ಹೋಗಿ ಅದನ್ನೇ ಹಿಡಿದುಕೊಂಡಳು.

ನನ್ನ ಹೆಸರೂ ಅದೇ ಅಂತ ಹೇಳಿದೆ. ಯಾಕೆ ಹೇಳಿದೆನೋ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅನುಮಾನವೇ ಇಲ್ಲದೆ, "ಇಲ್ಲ, ಅದು ಸಣ್ಣ ಹುಡುಗಿಯರ ಹೆಸರು. ನೀವು ಅಜ್ಜಿ" ಅಂದಳು.

ತಾಯಿ ನಾಚಿಕೊಂಡು ಕ್ಷಮೆ ಕೇಳಿದರು. ಪರವಾಗಿಲ್ಲ ಅಂದೆ. ಮೊದಲು ಗಂಡಸರ ಹೆಸರು ಇಟ್ಟುಕೊಂಡಿದ್ದೆ, ಈಗ ಮಕ್ಕಳ ಹೆಸರು ಇಟ್ಟುಕೊಂಡಿದ್ದೇನೆ. ನನ್ನ ಸರದಿ ನಡುವೆ ಎಲ್ಲೋ ಬಂದು ಹೋಗಿರಬೇಕು, ನಾನು ಅಂಗಡಿಯಲ್ಲಿದ್ದಾಗ.

ಅವರು ಹೋದ ಮೇಲೆ ಉಳಿದ ಗುಲಾಬಿ ಕೀಚೈನುಗಳನ್ನು ಎರಡು ಸಾಲು ಮೇಲಕ್ಕೆ ಹಾಕಿದೆ. ವ್ಯಾಪಾರದ ದೃಷ್ಟಿಯಿಂದ.

ಮಾರ್ಚ್ 30, ಭಾನುವಾರ

ಇವತ್ತು ಮೊದಲ ಸಲ ದೊಡ್ಡ ರಸ್ತೆಗೆ ಹೋದೆ. ಸಿಗ್ನಲ್ಲಿನಲ್ಲಿ ಹಸಿರು ಬಂತು, ಕಾರು ಆಫ್ ಆಯಿತು. ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಹಿಂದೆ ಒಂದು ಬಸ್ಸು. ಬಸ್ಸಿನ ಹಾರ್ನ್ ಬೆನ್ನುಮೂಳೆಯೊಳಗೆ ಕೇಳಿಸುತ್ತದೆ ಎನ್ನುವುದು ಬಸ್ ಡ್ರೈವರಿನ ಮಗಳಿಗೆ ಇಷ್ಟು ತಡವಾಗಿ ಗೊತ್ತಾಯಿತು. ಅಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ ಬಸ್ಸಿನವನಿಗೆ ಅಂಗೈ ತೋರಿಸಿದರು. ಹಾರ್ನ್ ನಿಂತಿತು. ಹೇಗೋ ದಾಟಿ, ಒಂದು ಬಟ್ಟೆ ಅಂಗಡಿಯ ಮುಂದೆ ನಿಲ್ಲಿಸಿದೆ. ಹೆದರಿದಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಗಂಡು ಬೇಕಿತ್ತು ನಿಮಗೆ. ಹೆಸರು ರೆಡಿ ಇಟ್ಕೊಂಡಿದ್ರಿ. ನಾನು ಹುಟ್ಟಿದೆ, ಬದಲಾಯಿಸೋಕೆ ಸೋಮಾರಿತನ. ಈಗ ನೋಡಿ, ಹೆಸರಿಗೆ ತಕ್ಕ ಹಾಗೆ ಓಡಿಸ್ತಾ ಇದ್ದೀನಿ."

ಅಪ್ಪ ಪೂರ್ತಿ ನನ್ನ ಕಡೆ ತಿರುಗಿದರು. ಈಗ ಅವರಿಗೆ ಪಕ್ಕದವರನ್ನು ನೋಡಬೇಕಾದರೆ ಹಾಗೆ ಪೂರ್ತಿ ತಿರುಗಬೇಕು.

"ಆ ಹೆಸರು ನಾನು ಇಟ್ಟದ್ದಲ್ಲ" ಅಂದರು. "ನಾನು ಬೇಡ ಅಂದಿದ್ದೆ. ಒಂದು ಹೂವಿನ ಹೆಸರು ಹೇಳಿದ್ದೆ, ಯಾವುದೋ, ಈಗ ನೆನಪಿಲ್ಲ. ನಿಮ್ಮಮ್ಮ ಕೇಳಲಿಲ್ಲ."

ಅಮ್ಮ ತೀರಿಹೋದಾಗ ನಾನು ಎರಡನೇ ತರಗತಿಯಲ್ಲಿದ್ದೆ. ನನಗೆ ನೆನಪಿರುವುದು ಅವಳ ನೀಲಿ ಸೆರಗು ಮತ್ತು ಅವಳು ಯಾವಾಗಲೂ ಅವಸರದಲ್ಲಿ ನಡೆಯುತ್ತಿದ್ದದ್ದು. ಅಪ್ಪ ಬಟ್ಟೆ ಅಂಗಡಿಯ ಗೊಂಬೆಗಳನ್ನು ನೋಡುತ್ತಾ ಹೇಳಿದರು. ಅಮ್ಮ ಡಿಪೋಗೆ ಬುತ್ತಿ ತರುತ್ತಿದ್ದಳಂತೆ. ಅಪ್ಪ ಊಟ ಮಾಡುವಾಗ ಅವಳು ಬಸ್ಸು ಹತ್ತಿ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದಳು. ಇದು ಏನು, ಅದು ಏನು ಎಂದು ಕೇಳುತ್ತಿದ್ದಳು. ರಜೆಯ ದಿನ ಖಾಲಿ ಅಂಗಳದಲ್ಲಿ ಒಂದು ಸುತ್ತು ಹಾಕಲಾ ಅಂದಳು, ಹಾಕಿದಳು. ಸ್ವಲ್ಪ ದಿನಕ್ಕೆ ಎರಡು ಕಂಬಗಳ ನಡುವೆ ಬಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸುವುದರಲ್ಲಿ ಅಪ್ಪನನ್ನೇ ಮೀರಿಸಿದಳು. ಡ್ರೈವರುಗಳು ಬೇಕಾಗಿದ್ದಾರೆ ಎಂದು ಡಿಪೋದಲ್ಲಿ ಬೋರ್ಡು ಹಾಕಿದಾಗ ಯಾರಿಗೂ ಹೇಳದೆ ಹೋಗಿ ಸಾಲಿನಲ್ಲಿ ನಿಂತಳು.

"ಸಾಹೇಬರು ನಕ್ಕರಂತೆ. ಕಾಲು ಎಟುಕುತ್ತೇನಮ್ಮಾ ಅಂದರಂತೆ. ಬಸ್ಸು ಕೊಡಿ, ತೋರಿಸ್ತೀನಿ ಅಂದಳಂತೆ ಇವಳು. ಕೊಡಲಿಲ್ಲ. ಮನೆಗೆ ಬಂದು ಅಡುಗೆ ಮಾಡಿದಳು. ಏನೂ ಹೇಳಲಿಲ್ಲ. ನನಗೆ ಬೇರೆಯವರಿಂದ ಗೊತ್ತಾಯ್ತು."

ಮರುವರ್ಷ ನಾನು ಹುಟ್ಟಿದೆ. ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುವವನು, ಇದು ಗಂಡಸರ ಹೆಸರು ಕಣಮ್ಮಾ ಎಂದು ಪೆನ್ನು ಎತ್ತಿಬಿಟ್ಟನಂತೆ.

"ಅವಳು ಮಲಗಿದಲ್ಲಿಂದಲೇ ಹೇಳಿದಳು: ಅದು ಗಂಡಸರ ಹೆಸರಲ್ಲ, ಕೆಲಸದ ಹೆಸರು. ಕೆಲಸ ಯಾರು ಮಾಡಿದರೂ ಆಗುತ್ತೆ, ಬರೀರಿ. ಅವನು ಬರೆದ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಚಿಕ್ಕವಳಿದ್ದಾಗಿಂದ ಆ ಹೆಸರು ಕಂಡರೆ ಆಗಲ್ಲ ಅಂತಿದ್ದೆ ನೀನು. ಇಟ್ಟವರನ್ನ ಬೈತಿದ್ದೆ. ಹೋದವಳ ಮೇಲೆ ಯಾಕೆ ಹಾಕಲಿ ಅಂತ ಸುಮ್ಮನಿದ್ದೆ."

ಕಾರು ಸ್ಟಾರ್ಟ್ ಮಾಡಿದೆ. ಮೊದಲ ಸಲಕ್ಕೇ ಹೊರಟಿತು. ಮನೆಯವರೆಗೂ ಎರಡನೇ ಗೇರಿನಲ್ಲೇ ಬಂದೆ. ಬದಲಾಯಿಸಬೇಕು ಎನ್ನುವುದು ಮರೆತುಹೋಗಿತ್ತು, ಅಪ್ಪನೂ ನೆನಪಿಸಲಿಲ್ಲ.

ಮಾರ್ಚ್ 31, ಸೋಮವಾರ

ಇಷ್ಟು ವರ್ಷ ಅಪ್ಪನ ಮೇಲೆ ಸಾಕಿಕೊಂಡು ಬಂದ ಸಿಟ್ಟು ಈಗ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದೆ. ಅದಕ್ಕೆ ಏನಾದರೂ ಹುಡುಕಿಕೊಡಬೇಕು. ಬೆಳಿಗ್ಗೆ ಅಡುಗೆಮನೆಯ ನಲ್ಲಿಗೆ ಬೈದೆ. ಮೊದಲಿನ ಸುಖ ಸಿಗಲಿಲ್ಲ.

ಏಪ್ರಿಲ್ 8, ಮಂಗಳವಾರ

ಆ ಧಾರಾವಾಹಿ ನೋಡಿದೆ. ಶತ್ರುವನ್ನು ತಿಳಿದುಕೊಳ್ಳಬೇಕು ಅಂತ. ನಾಯಕಿ ಚೆಲುವೆ, ಅದರಲ್ಲಿ ಸಂದೇಹವಿಲ್ಲ. ಆದರೆ ಟ್ಯಾಕ್ಸಿ ಓಡಿಸುವಾಗ ರಸ್ತೆ ಬಿಟ್ಟು ಹಿಂದೆ ಕೂತ ಹುಡುಗನನ್ನೇ ನೋಡುತ್ತಾಳೆ. ಸ್ಟೇರಿಂಗನ್ನು ಊಟದ ತಟ್ಟೆಯ ಹಾಗೆ ಹಿಡಿಯುತ್ತಾಳೆ. ತಿರುಗುವಾಗ ಇಂಡಿಕೇಟರ್ ಹಾಕಲೇ ಇಲ್ಲ, ಗೇರಿಗೆ ಕೈ ಹೋಗಲೇ ಇಲ್ಲ. ಇವಳಿಂದಾಗಿ ಊರಿನಲ್ಲಿ ನೂರಾರು ಮಕ್ಕಳಿಗೆ ಹೆಸರು ಬಂದಿದೆ. ನಾನು ಇದನ್ನೆಲ್ಲ ಗಟ್ಟಿಯಾಗಿಯೇ ಹೇಳುತ್ತಿದ್ದೆ ಎಂದು ಕಾಣುತ್ತದೆ. ಅಪ್ಪ ಟೀವಿಯ ಸದ್ದು ಜೋರು ಮಾಡಿದರು.

ರಾತ್ರಿ ಊಟದ ಹೊತ್ತಿಗೆ ಮಗಳು ಫೋನು ಮಾಡಿದ್ದಳು. ಹೆಸರಿನ ವಿಚಾರ ಯೋಚಿಸಿದೆಯಾ ಅಂತ ಕೇಳಿದಳು. ನಿಮ್ಮಿಷ್ಟ ಅಂದೆ. ಮನಸ್ಸಿಲ್ಲದ ಧ್ವನಿಯಲ್ಲೇ ಅಂದೆ, ಅಷ್ಟರಮಟ್ಟಿಗೆ ಮರ್ಯಾದೆ ಉಳಿಸಿಕೊಂಡಿದ್ದೇನೆ.

ಅಂಗಡಿಯಲ್ಲಿ ಒಂದು ಪುಟ್ಟ ನೇಮ್‌ಪ್ಲೇಟ್ ಕೊರೆದಿಟ್ಟಿದ್ದೇನೆ. ತೊಟ್ಟಿಲಿಗೆ ಹಾಕುವಷ್ಟು. ಹಿತ್ತಾಳೆಯ ತುಂಡು ಒಂದು ಹೇಗೂ ವ್ಯರ್ಥವಾಗುತ್ತಿತ್ತು.

ಏಪ್ರಿಲ್ 13, ಭಾನುವಾರ

ಗಿರಣಿ ಬಯಲಿಗೆ ಹೋಗೋಣ ಅಂದರು ಅಪ್ಪ. ನನಗೆ ಈಗ ಬಯಲು ಬೇಕಾಗಿಲ್ಲ, ದೊಡ್ಡ ರಸ್ತೆಯಲ್ಲೇ ಓಡಿಸುತ್ತೇನೆ. ಆದರೂ ಹೋದೆವು. ಅಲ್ಲಿ ಮುಟ್ಟಿದ ಮೇಲೆ, ಇಲ್ಲಿ ಯಾರೂ ಇಲ್ಲ, ಒಂದೇ ಒಂದು ಸಲ ನಾನು ಓಡಿಸುತ್ತೇನೆ ಅಂದರು. ಕೇಳಿದ ರೀತಿ ನನಗೆ ಹಿಡಿಸಲಿಲ್ಲ. ಅಪ್ಪ ನನ್ನನ್ನು ಏನನ್ನೂ ಹಾಗೆ ಕೇಳಿದವರಲ್ಲ. ಇಳಿದು ಜಾಗ ಬಿಟ್ಟುಕೊಟ್ಟೆ.

ಕೂತರು. ಕನ್ನಡಿ ಸರಿಮಾಡಿಕೊಂಡರು. ಕಾರು ಹೊರಟದ್ದೇ ಗೊತ್ತಾಗಲಿಲ್ಲ, ಅಷ್ಟು ನಯ. ಒಂದು ಸುತ್ತು ಹಾಕಿದರು. ಮುಖದಲ್ಲಿ ನಗುವಿರಲಿಲ್ಲ, ಆದರೆ ಕುತ್ತಿಗೆ ನೆಟ್ಟಗಾಗಿತ್ತು. ಎರಡನೇ ಸುತ್ತಿನಲ್ಲಿ ಎಡಕ್ಕೆ ತಿರುಗಿಸಿದರು. ಎಡಗಡೆ ಡ್ರಮ್ಮುಗಳು. ನೋಡಿದ್ದಾರೆ ಅಂದುಕೊಂಡೆ. ನೋಡಿರಲಿಲ್ಲ. ನಾನು "ಬ್ರೇಕ್" ಎಂದು ಕಿರುಚುವುದಕ್ಕೂ ಅವರ ಕಾಲು ಬೀಳುವುದಕ್ಕೂ ಸರಿಹೋಯಿತು. ಡ್ರಮ್ಮಿಗೂ ಕಾರಿಗೂ ನಡುವೆ ಒಂದು ಗೇಣಿತ್ತು. ಡ್ರಮ್ಮಿನ ಹಿಂದಿನ ನೆರಳಿನಲ್ಲಿ ಒಂದು ನಾಯಿ ಮರಿಗಳ ಜೊತೆ ಮಲಗಿತ್ತು. ಅದು ಏಳಲೂ ಇಲ್ಲ.

ಅಪ್ಪ ಡ್ರಮ್ಮು ನೋಡಲು ಪೂರ್ತಿ ತಿರುಗಿದರು. ನೋಡಿದರು. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದರು. ಬಾನೆಟ್ಟಿನ ಮೇಲೆ ಕೈ ಆಡಿಸುತ್ತಾ ಮುಂದಿನಿಂದ ಸುತ್ತಿ ಬಂದು ನನ್ನ ಬಾಗಿಲ ಹತ್ತಿರ ನಿಂತರು. ಇಳಿದು ಆ ಕಡೆ ಹೋಗಬೇಕಾದವಳು ನಾನು. ನಾನು ಸೀಟ್‌ಬೆಲ್ಟ್ ಹಿಡಿದುಕೊಂಡು ಡ್ರಮ್ಮನ್ನೇ ನೋಡುತ್ತಿದ್ದೆ.

"ಇಳಿಯಮ್ಮಾ" ಅಂದರು. "ಹೊತ್ತಾಯ್ತು."

ದಾರಿಯಲ್ಲಿ ಒಂದು ಸಲ ಮಾತ್ರ, ಮುಂದೆ ಉಬ್ಬು ಇದೆ ಅಂದರು.

ಏಪ್ರಿಲ್ 14, ಸೋಮವಾರ

ಬೆಳಿಗ್ಗೆ ಎದ್ದಾಗ ಕೀ ನನ್ನ ಚಹಾ ಲೋಟದ ಪಕ್ಕದಲ್ಲಿತ್ತು. ಗೆದ್ದೆ. ತಮ್ಮನಿಗೆ ಹೇಳಲು ಫೋನು ಎತ್ತಿಕೊಂಡು, ಮತ್ತೆ ಕೆಳಗಿಟ್ಟೆ.

ಏಪ್ರಿಲ್ 26, ಶನಿವಾರ

ಮೊಮ್ಮಗಳು ಹುಟ್ಟಿದಳು. ಇಬ್ಬರೂ ಚೆನ್ನಾಗಿದ್ದಾರೆ. ಅವಳ ಮೊದಲ ಅಳು ಕೇಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ನಾನು ಆಸ್ಪತ್ರೆಯ ಹಿಂದೆ ಎರಡು ಕಾರುಗಳ ನಡುವೆ ನಮ್ಮ ಕಾರನ್ನು ತುರುಕುತ್ತಿದ್ದೆ. ಕಾವಲುಗಾರ ಸೀಟಿ ಊದಿ ಊದಿ ಸುಸ್ತಾಗಿ ಕೊನೆಗೆ ಬರೀ ಕೈ ಆಡಿಸುತ್ತಿದ್ದ. ಅಪ್ಪ ಪಕ್ಕದಲ್ಲಿ ಕೂತು, ಇನ್ನೂ ಜಾಗ ಇದೆ, ಇನ್ನೂ ಇದೆ ಅನ್ನುತ್ತಿದ್ದರು. ಅವರಿಗೆ ಪಕ್ಕದ್ದು ಕಾಣುವುದಿಲ್ಲ ಎನ್ನುವುದು ಆಮೇಲೆ ನೆನಪಾಯಿತು. ಆದರೂ ಹೇಳಿದ್ದು ಸರಿಯಾಗಿಯೇ ಇತ್ತು.

ಮೇಲೆ ಹೋದರೆ ಅಳಿಯ ನಗುತ್ತಿದ್ದ, ಮಗಳು ಮಲಗಿದ್ದಳು, ಮಗು ಮುಷ್ಟಿ ಬಿಗಿದುಕೊಂಡು ಯಾರ ಮೇಲೋ ಸಿಟ್ಟಾಗಿತ್ತು. ನನ್ನ ಚೀಲದಲ್ಲಿ ಹಿತ್ತಾಳೆಯ ಪುಟ್ಟ ನೇಮ್‌ಪ್ಲೇಟ್ ಇತ್ತು. ಆಕಸ್ಮಿಕವಾಗಿ ಚೀಲದಲ್ಲೇ ಉಳಿದಿತ್ತು ಎಂದು ಹೇಳಬೇಕೆಂದಿದ್ದೆ.

ಅಷ್ಟರಲ್ಲಿ ನರ್ಸ್ ಮಕ್ಕಳ ಹೆಸರಿನ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತು, ಸಾರಥಿ ಯಾರು ಎಂದು ಕೇಳಿದಳು. ಕಿಟಕಿಯ ಹತ್ತಿರದ ಹಾಸಿಗೆಯಿಂದ ಒಂದು ಕೈ ಎದ್ದಿತು, ಆಚೆ ಮೂಲೆಯಿಂದ ಇನ್ನೊಂದು. ಮೂರನೆಯದು ನನ್ನದು. ನರ್ಸ್ ನನ್ನನ್ನು ನೋಡಿ, ಹೆರಿಗೆಯಾದವರು ಮಾತ್ರ ಅಮ್ಮಾ ಅಂದಳು. ವಾರ್ಡಿಗೆ ವಾರ್ಡೇ ನಕ್ಕಿತು.

ಮಗಳು ನಗಲಿಲ್ಲ. ನನ್ನ ಕೈ ಹಿಡಿದುಕೊಂಡು ಹೇಳಿದಳು: "ನೋಡಿದೆಯಾ ಅಮ್ಮಾ. ಈ ಕೋಣೆಯಲ್ಲೇ ಇಬ್ಬರು. ನಾವು ಬೇರೆ ಹೆಸರು ಇಡೋಣ ಅಂತಿದ್ದೀವಿ. ನೀನು ಮೊದಲೇ ಹೇಳಿದ್ದೆ, ನಾನೇ ಕೇಳಲಿಲ್ಲ."

ಒಳ್ಳೆಯದೇ ಆಯಿತು ಅಂದೆ. ನಾನು ಎಷ್ಟು ಬೇಡ ಅಂದಿದ್ದೆ ಎಂದು ಅಳಿಯನಿಗೂ ಹೇಳಿದೆ. ಆಮೇಲೆ ಕಾರಿನಲ್ಲಿ ಏನೋ ಮರೆತಿದ್ದೇನೆ ಎಂದು ಕೆಳಗೆ ಹೋಗಿ, ಬಾಗಿಲು ಹಾಕಿಕೊಂಡು, ಡ್ರೈವರ್ ಸೀಟಿನಲ್ಲಿ ಕೂತು ಅತ್ತೆ. ಎರಡು ತಿಂಗಳ ಹಿಂದೆ ಯಾರಾದರೂ ಇದೇ ಸುದ್ದಿ ತಂದಿದ್ದರೆ ಸಿಹಿ ಹಂಚುತ್ತಿದ್ದೆ. ವಯಸ್ಸಾದರೆ ಮನುಷ್ಯರಿಗೆ ತಾವು ಏನು ಹೇಳಿದ್ದೆವು ಎನ್ನುವುದರ ಮೇಲೆ ಹಿಡಿತ ಇರುವುದಿಲ್ಲ.

ಕಾವಲುಗಾರ ಕಿಟಕಿ ತಟ್ಟಿ, ತೆಗೆಯೋಕೆ ಆಗ್ತಿಲ್ವಾ ಮೇಡಂ, ನಾನು ಸೀಟಿ ಹೊಡೀಲಾ ಎಂದು ಕೇಳಿದ.

ಏಪ್ರಿಲ್ 29, ಮಂಗಳವಾರ

ಮಗಳಿಗೆ ಅಮ್ಮನ ಕಥೆ ಹೇಳಿದೆ. ಅವಳ ಮನಸ್ಸು ಬದಲಾಯಿಸಲು ಅಲ್ಲ. ಸುಳ್ಳೇಕೆ, ಬದಲಾಯಿಸಲಿಕ್ಕೇ. ಡಿಪೋ ಅಂಗಳ, ಎರಡು ಕಂಬ, ನಕ್ಕ ಸಾಹೇಬರು, ಪೆನ್ನು ಎತ್ತಿದವನು, ಎಲ್ಲ ಹೇಳಿದೆ. ಹಾಲು ಕುಡಿಸುತ್ತಾ ಕೇಳಿದಳು. ಕಣ್ಣು ಒರೆಸಿಕೊಂಡಳು. ಕೆಲಸ ಆಯಿತು ಅಂದುಕೊಂಡೆ.

"ಅಜ್ಜಿ ಆ ಹೆಸರಿಟ್ಟಾಗ ಅದು ಯಾವ ಹುಡುಗಿಗೂ ಇರಲಿಲ್ಲ ಅಲ್ವಾ?" ಅಂದಳು.

ಇರಲಿಲ್ಲ ಅಂದೆ.

"ಈಗ ಎಲ್ಲರಿಗೂ ಇದೆ. ಈಗ ಅಜ್ಜಿ ಇದ್ದಿದ್ದರೆ ಇಡ್ತಿರಲಿಲ್ಲಮ್ಮಾ. ಅದು ಅವಳು ನಿನಗೆ ಅಂತ ಇಟ್ಟದ್ದು. ನಿನ್ನ ಹತ್ತಿರವೇ ಇರಲಿ."

ಹೇಳುವಾಗ ಅವಳ ಗದ್ದ ಸ್ವಲ್ಪ ಮುಂದೆ ಬಂದಿತ್ತು. ಪೆನ್ನು ಎತ್ತಿದವನಿಗೂ ಅಂಥದ್ದೇ ಗದ್ದ ಕಂಡಿರಬೇಕು. ಅವನು ಹೆಸರು ಬರೆದ, ನಾನು ಮಗುವಿನ ಬಟ್ಟೆ ಮಡಿಸತೊಡಗಿದೆ. ಮಗುವಿಗೆ ಇನ್ನೂ ಹೆಸರು ನಿಶ್ಚಯವಾಗಿಲ್ಲ. ಸದ್ಯಕ್ಕೆ ಪುಟ್ಟಿ.

ಹಿತ್ತಾಳೆಯ ತುಂಡನ್ನು ಅಂಗಡಿಯ ಮೇಜಿನ ಮೇಲೆ, ಗಿರಾಕಿಗಳಿಗೆ ಕಾಣುವ ಹಾಗೆ ಅಂಟಿಸಿದ್ದೇನೆ. ತೊಟ್ಟಿಲ ಅಳತೆಯದು, ಹತ್ತಿರ ಬಗ್ಗಿ ನೋಡಬೇಕು. ಇವತ್ತು ಆ ದಂತವೈದ್ಯರು ಬಗ್ಗಿ ಓದಿ, ನಿಮ್ಮ ಹೆಸರಾ ಎಂದು ಕೇಳಿದರು. ಹೌದು, ಅಮ್ಮ ಇಟ್ಟದ್ದು ಅಂದೆ. ಅವರು ಅಷ್ಟೆಲ್ಲ ಕೇಳಿರಲಿಲ್ಲ.

ಮೇ 4, ಭಾನುವಾರ

ಮಗಳ ಮನೆಗೆ ಹೋಗಿ ಪುಟ್ಟಿಯನ್ನು ನೋಡಿಕೊಂಡು ಬಂದೆವು. ಅಪ್ಪ ಮಗುವನ್ನು ಮುಖದ ನೇರಕ್ಕೆ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಬಿಸಿಲು ಇಳಿಯುವ ಹೊತ್ತಿಗೆ ಹೊರಟೆವು. ನಾನು ಅವರ ಮನೆಯ ಓಣಿಯಿಂದ ಕಾರನ್ನು ಒಂದೇ ಸಲಕ್ಕೆ ರಿವರ್ಸ್ ತೆಗೆದಿದ್ದೆ. ಅದು ಹೇಗೆ ಸಾಧ್ಯವಾಯಿತು, ಎಲ್ಲಿ ತಿರುಗಿಸಿದೆ, ಯಾವ ಕನ್ನಡಿ ನೋಡಿದೆ ಎಂದು ಅಪ್ಪನಿಗೆ ವಿವರಿಸುತ್ತಿದ್ದೆ. ಅವರು ಏನೂ ಅನ್ನಲಿಲ್ಲ. ಹೊಗಳಿಕೆ ಬರುವವರೆಗೆ ವಿವರಿಸೋಣ ಎಂದು ಮುಂದುವರಿಸಿದೆ. ಆಗಲೂ ಮಾತಿಲ್ಲ. ತಿರುಗಿ ನೋಡಿದರೆ ಅವರ ತಲೆ ಕಿಟಕಿಯ ಕಡೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು.

ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಅಪ್ಪ ಬೇರೆಯವರು ಓಡಿಸುವ ಗಾಡಿಯಲ್ಲಿ ಎಂದೂ ಕಣ್ಣು ಮುಚ್ಚಿದವರಲ್ಲ. ರೈಲಿನಲ್ಲೂ ಇಡೀ ದಾರಿ ಎಚ್ಚರವಾಗಿದ್ದು, ಆ ಡ್ರೈವರ್ ಯಾರೋ ಏನೋ ಅನ್ನುವವರು. ತಮ್ಮನ ಕಾರಿನಲ್ಲಿ ಕೂತರೆ ಎರಡೂ ಕಾಲನ್ನು ಒತ್ತಿ ತಾವೇ ಬ್ರೇಕು ಹಾಕುತ್ತಾರೆ.

ಅಷ್ಟರಲ್ಲಿ ಗೊರಕೆ ಕೇಳಿಸಿತು.

ಇಂಥ ಗೊರಕೆಯ ಪಕ್ಕದಲ್ಲಿ ಯಾರು ತಾನೇ ಸರಿಯಾಗಿ ಓಡಿಸಲು ಸಾಧ್ಯ? ಹಿಂದಿನವನು ಹಾರ್ನ್ ಹೊಡೆದ, ಹೋಗಲಿ ಎಂದು ದಾರಿ ಬಿಟ್ಟೆ. ಉಬ್ಬು ಬಂದಾಗ ಉಸಿರು ಹಿಡಿದು ದಾಟಿಸಿದೆ. ನಮ್ಮ ಬೀದಿ ಬಂತು, ನಮ್ಮ ಗೇಟು ಬಂತು. ನಿಲ್ಲಿಸಿದರೆ ಎಚ್ಚರವಾಗುತ್ತದೆ.

ಗೇಟು ದಾಟಿ ಮುಂದೆ ಹೋದೆ. ಪೆಟ್ರೋಲು ದಂಡ ಎನ್ನುವುದು ಗೊತ್ತು. ಕೊನೆಯಲ್ಲಿ ಎಡಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿ, ಒಂದು ಸುತ್ತು ಹಾಕಿಕೊಂಡು ಬಂದೆ. ಗೇಟು ಮತ್ತೆ ಬಂತು. ಅಪ್ಪ ಮಲಗಿಯೇ ಇದ್ದರು. ಇನ್ನೊಂದು ಸುತ್ತು ಹೋದೆ.